ತಪ್ಪಿನ ಬೇರನ್ನು ಅರಸಿದ ಕವೊರು ಇಶಿಕಾವ

ಮುಂಬಯಿ, ಪುಣೆ, ಹೈದರಾಬಾದುಗಳ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಅನೇಕ ಹಿರಿಯರಿಗೆ ‘ಕ್ವಾಲಿಟಿ ಸರ್ಕಲ್’ ಎಂಬ ಹೆಸರು ಚಿರಪರಿಚಿತ. ಅದರ ಮೂಲಪುರುಷರಾದ ಜಪಾನಿನ ಪ್ರೊಫೆಸರ್ ಕವೊರು ಇಶಿಕಾವ ಅವರ ಜೀವನವನ್ನು ಇಲ್ಲಿ ಪರಿಚಯಿಸಬಯಸುತ್ತೇವೆ.

1915ರಲ್ಲಿ ಟೋಕಿಯೊದಲ್ಲಿ ಜನಿಸಿದ ಇಶಿಕಾವ ಅನುಕೂಲಸ್ಥ ಮನೆತನದವರು. ತಂದೆ ಇಚಿರೊ ಇಶಿಕಾವ ಅವರು ಯುದ್ಧಾನಂತರ ಜಪಾನಿನ ಉದ್ಯಮಗಳ ಒಕ್ಕೂಟ ಕೈದಾನ್‌ರೆನ್‌ನ ಪ್ರಥಮ ಅಧ್ಯಕ್ಷರಾದರು. ಮಗ 1939ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ಅನ್ವಯಿಕ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ನೌಕಾಪಡೆಯಲ್ಲೂ ಇಂಧನ ಕಂಪೆನಿಯೊಂದರಲ್ಲೂ ದುಡಿದು, 1947ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಮರಳಿದರು. ಪ್ರಯೋಗಾಲಯದ ಅಂಕಿಗಳು ಒಂದು ಬಾರಿ ಬಂದಂತೆ ಇನ್ನೊಂದು ಬಾರಿ ಬಾರದಿದ್ದುದು ಅವರನ್ನು ಸಂಖ್ಯಾಶಾಸ್ತ್ರದತ್ತ ಸೆಳೆಯಿತು. 1949ರಲ್ಲಿ ಜಪಾನಿನ ವಿಜ್ಞಾನಿ ಹಾಗೂ ಎಂಜಿನಿಯರುಗಳ ಒಕ್ಕೂಟದ ಗುಣಮಟ್ಟ ಸಂಶೋಧನಾ ತಂಡವನ್ನು ಸೇರಿದರು.

ಆ ಕಾಲದ ಒಂದು ಸಂಗತಿ ಗಮನಾರ್ಹ. ಉಕ್ಕಿನ ಕಾರ್ಖಾನೆಯೊಂದರ ತಗಡುಗಳ ಮೇಲೆ ಗೀರುಗಳಾಗುತ್ತಿದ್ದವು. ಮುಂದಿನ ವಿಭಾಗಕ್ಕೆ ಹೋಗಿ ಪರಿಶೀಲಿಸಿರೆಂದು ಇಶಿಕಾವ ಸೂಚಿಸಿದರೆ, ಎಂಜಿನಿಯರುಗಳು ಹಿಂಜರಿದರು. ಹೋದರೆ ಗೂಢಚಾರಿಕೆಗೆ ಬಂದವರೆಂದು ಅಲ್ಲಿಯವರು ಶಂಕಿಸುವರೆಂಬ ಭಯ! ಒಂದೇ ಸೂರಿನಡಿ ಎರಡು ಶತ್ರುಪಾಳಯಗಳು. ನಮ್ಮ ಕೆಲಸವನ್ನು ಮುಂದುವರಿಸುವ ವಿಭಾಗವೇ ನಮ್ಮ ಗ್ರಾಹಕ ಎಂಬ ಅವರ ಬೋಧನೆ ಮೂಡಿದ್ದು ಈ ಅನುಭವದಿಂದ.

ಅವರ ಹೆಸರನ್ನು ಜಗತ್ತಿಗೆ ತಿಳಿಸಿದ್ದು ಮೀನಿನ ಮೂಳೆಯಾಕಾರದ ಕಾರಣ-ಪರಿಣಾಮ ಚಿತ್ರ. ತಲೆಯ ಸ್ಥಾನದಲ್ಲಿ ದೋಷವನ್ನು ಬರೆದು, ಬೆನ್ನೆಲುಬಿನಿಂದ ಹೊರಡುವ ಮೂಳೆಗಳಲ್ಲಿ ಕೆಲಸಗಾರ, ಯಂತ್ರ, ಸಾಮಗ್ರಿ, ವಿಧಾನ, ಅಳತೆ ಎಂದು ಸಂಭವನೀಯ ಕಾರಣಗಳನ್ನು ತುಂಬುವುದು. ಕೆಲಸಗಾರ ಅಲ್ಲಿ ಒಂದು ಮೂಳೆ ಮಾತ್ರ! ತಪ್ಪಾದೊಡನೆ ಎದುರಿಗೆ ಸಿಕ್ಕವನನ್ನು ಬೈಯುವುದು ಎಲ್ಲ ದೇಶಗಳ ಮೇಲಧಿಕಾರಿಗಳ ಪುರಾತನ ಪದ್ಧತಿಯಷ್ಟೆ.

ಉದಾಹರಣೆಗೆ, ಬೆಳಗಿನ ಪಾಳಿಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ತಪ್ಪುತ್ತಿದೆ, ಆ ಪಾಳಿಯವನು ಅಜಾಗರೂಕನೆಂದು ಎಲ್ಲರ ತೀರ್ಮಾನ ಎಂದುಕೊಳ್ಳೋಣ. ತಪ್ಪುಗಳನ್ನು ಯಂತ್ರವಾರು, ಗಂಟೆವಾರು ಗೆರೆ ಹಾಕಿ ಎಣಿಸಿದಾಗ, ಯಾರೇ ನಿಂತರೂ ಒಂದೇ ಲೇಥಿನಲ್ಲಿ, ಅದೂ ಮೊದಲ ಗಂಟೆಯಲ್ಲೇ ಅವು ಹೆಚ್ಚೆಂದು ತಿಳಿಯಬಹುದು. ಆಗ ಯಂತ್ರ ಬಿಸಿಯಾಗುವ ಮೊದಲೇ ಕೆಲಸ ಆರಂಭಿಸುತ್ತಿದ್ದುದು ಕಾರಣವೇ ಎಂದು ಪರೀಕ್ಷಿಸಲು ದಾರಿಯಾಗುತ್ತದೆ. ನಿರಪರಾಧಿಯೊಬ್ಬನ ಉದ್ಯೋಗ ಉಳಿಯುತ್ತದೆ. ಎಣಿಕೆಯ ಹಾಳೆ, ಪರೇಟೊ ನಕ್ಷೆ, ಹಿಸ್ಟೊಗ್ರಾಂ ಮುಂತಾದ ಏಳು ಸಾಧನಗಳಿಂದ ಬಹುಪಾಲು ಸಮಸ್ಯೆಗಳು ಬಗೆಹರಿಯುವುವೆಂಬುದು ಅವರ ದೃಢ ನಂಬಿಕೆ. ಇವುಗಳಲ್ಲಿ ಪರೇಟೊ ನಕ್ಷೆಯಂತಹವು ಇತರರ ಸೃಷ್ಟಿ. ಅವನ್ನು ತಜ್ಞರ ಕೊಠಡಿಯಿಂದ ಕಾರ್ಮಿಕರ ಕೈಗೆ ತಲಪಿಸಿದ್ದೇ, ನಮ್ಮ ದೃಷ್ಟಿಯಲ್ಲಿ, ಇಶಿಕಾವ ಅವರ ನಿಜವಾದ ಸಾಧನೆ.

1962ರಲ್ಲಿ ಫೋರ್‌ಮನ್‌ಗಳಿಗಾಗಿ ಪತ್ರಿಕೆಯೊಂದು ಆರಂಭವಾಯಿತು. ಅವರು ಸ್ವಂತ ಹಣದಿಂದಲೇ ಕೊಳ್ಳುವಷ್ಟು ಅದರ ಬೆಲೆ ಅಗ್ಗವಾಗಿರಬೇಕೆಂದು ಇಶಿಕಾವ ಬಯಸಿದ್ದರು. ಅದನ್ನು ಕೂಡಿ ಓದುವ, ಚರ್ಚಿಸುವ ಸಣ್ಣ ಗುಂಪುಗಳೇ ಗುಣವೃತ್ತಗಳಾದವು.

ಭಾರತದಲ್ಲಿ ಈ ಪದ್ಧತಿ ಬೇರೂರಿದ್ದು 1980ರ ದಶಕದ ಆರಂಭದಲ್ಲಿ, ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಯಲ್ಲಿ. ಅದರ ಮುಂದಾಳಾಗಿದ್ದ ಎಸ್.ಆರ್. ಉಡುಪ ಅವರು 1982ರಲ್ಲಿ ಅಖಿಲ ಭಾರತ ಮಟ್ಟದ ಕ್ವಾಲಿಟಿ ಸರ್ಕಲ್ ಫೋರಂ ಸ್ಥಾಪಿಸಿದರು.

ಮುಸಾಶಿ ತಾಂತ್ರಿಕ ಸಂಸ್ಥೆಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದ ಇಶಿಕಾವ ಅವರು 1989ರ ಏಪ್ರಿಲ್‌ನಲ್ಲಿ, 73ನೆಯ ವಯಸ್ಸಿನಲ್ಲಿ ನಿಧನರಾದರು. ನಾಲ್ಕು ವರ್ಷಗಳ ಬಳಿಕ, 1993ರಲ್ಲಿ, ಅಮೆರಿಕದ ಗುಣಮಟ್ಟ ಸಂಸ್ಥೆಯು ಅವರ ಹೆಸರಿನ ಪದಕವನ್ನು ಸ್ಥಾಪಿಸಿತು. ಗುಣಮಟ್ಟದ ಮಾನವೀಯ ಮುಖವನ್ನು ಬೆಳಗಿದವರಿಗೆ ಅದು ಸಲ್ಲುತ್ತದೆ.