ಡಾಕ್ಟರ್ ಕೋಟ್ನೀಸ್

ರೋಗಿಯು ವೈದ್ಯನನ್ನು ಹುಡುಕಿಕೊಂಡು ಬರುವುದು ಲೋಕರೂಢಿ. ಆದರೆ ಯುದ್ಧ, ಕ್ಷಾಮ, ಸಾಂಕ್ರಾಮಿಕ ರೋಗಗಳಂತಹ ವಿಪತ್ತುಗಳು ಒದಗಿದಾಗ ವೈದ್ಯನೇ ರೋಗಿಯನ್ನು ಅರಸಿ ಹೋಗಬೇಕಾಗುತ್ತದೆ. ಹಾಗೆ ಸ್ವದೇಶವನ್ನೂ ಬಂಧುಬಳಗವನ್ನೂ ಬಿಟ್ಟು, ಭಾಷೆ ತಿಳಿಯದ ದೂರದ ನಾಡಿಗೆ ಹೋಗಿ, ಅಲ್ಲಿನ ಗಾಯಾಳುಗಳ ಸೇವೆಯಲ್ಲಿಯೇ ಪ್ರಾಣ ತೆತ್ತ ಭಾರತೀಯರೊಬ್ಬರು ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್.

ನಮ್ಮ ವಿಜಾಪುರ ಜಿಲ್ಲೆಗೆ ಹೊಂದಿಕೊಂಡಿರುವ ಸೊಲ್ಲಾಪುರವು ಮರಾಠಿ, ಕನ್ನಡ, ತೆಲುಗು ಭಾಷೆಗಳನ್ನಾಡುವ ಜನರು ಕೂಡಿ ಬಾಳುವ ಊರು. ಕೋಟ್ನೀಸರು ಅಲ್ಲಿ 1910ನೆಯ ಅಕ್ಟೋಬರ್ 10ರಂದು ಜನಿಸಿದರು. ಮುಂಬಯಿಯ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನಲ್ಲಿ ಶಿಕ್ಷಣ ಪಡೆದು ವೈದ್ಯರಾದರು. ಉನ್ನತ ವ್ಯಾಸಂಗ ಮಾಡಿ ನೆಲೆಯಾಗಿ ವೃತ್ತಿ ನಡೆಸುವ ಹಾದಿ ಅವರ ಮುಂದೆ ತೆರೆದಿತ್ತು.

1937ರಲ್ಲಿ ಜಪಾನು ಚೀನದ ಮೇಲೆ ದಂಡೆತ್ತಿ ಹೋಯಿತು. ಗಾಯಗೊಂಡ ಸಹಸ್ರಾರು ಸೈನಿಕರಿಗೆ ಚಿಕಿತ್ಸೆ ನೀಡಲು ಆ ದೇಶದಲ್ಲಿ ಸಾಕಷ್ಟು ವೈದ್ಯರಿರಲಿಲ್ಲ. ಚೀನೀ ಸೇನಾನಿ ಜೂ ಡೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವನ್ನು ಕೋರಿದರು. ಭಾರತವು ಆಗ ತಾನೇ ಪರಾಧೀನವಾಗಿದ್ದರೂ ಈ ಮೊರೆಗೆ ಕಿವಿಗೊಟ್ಟಿತು. ಕಾಂಗ್ರೆಸ್ಸಿನ ಅಂದಿನ ಅಧ್ಯಕ್ಷರಾದ ಸುಭಾಷ್‌ಚಂದ್ರ ಬೋಸರ ಕರೆಯಂತೆ ಜನರಿಂದ ಹಣ ಸಂಗ್ರಹವಾಯಿತು. ಐವರು ವೈದ್ಯರ ತಂಡವೊಂದು ಸಿದ್ಧವಾಯಿತು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಇವರೊಡನೆ ಇಪ್ಪತ್ತೇಳು ವರ್ಷದ ಕೋಟ್ನೀಸರೂ ಸೇರಿದರು. 1938ರ ಸೆಪ್ಟೆಂಬರ್ ತಿಂಗಳಲ್ಲಿ ಮುಂಬಯಿಯಿಂದ ಅವರ ಹಡಗು ಹೊರಟಿತು.

ಚೀನವನ್ನು ತಲುಪಿದ ಐವರೂ ತಮ್ಮ ಹೆಸರಿಗೆ ಚೀನ ಎಂಬ ಅರ್ಥವುಳ್ಳ ‘ಹುವಾ’ ಎಂಬ ಪದವನ್ನು ಸೇರಿಸಿಕೊಂಡರು. ಕೋಟ್ನೀಸರು ‘ಕ ದಿಹುವಾ’ ಆದರು. ಕೆಲವು ನಗರಗಳ ಆಸ್ಪತ್ರೆಗಳಲ್ಲಿ ದುಡಿದ ಬಳಿಕ ತಂಡವು 1939ರ ಫೆಬ್ರವರಿಯಲ್ಲಿ ವಾಯವ್ಯ ಚೀನದ ಯೆನಾನ್ ಪಟ್ಟಣವನ್ನು ಸೇರಿತು. ಈ ನಡುವೆ ಕೋಟ್ನೀಸರಿಗೆ ಸಿಡಿಲಿನಂತಹ ಸುದ್ದಿ ಬಂದಿತು. ಸೊಲ್ಲಾಪುರದಲ್ಲಿ ತಂದೆ ತೀರಿಕೊಂಡಿದ್ದರು. ಮನೆಗೆ ಮರಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಅವರು ದುಃಖವನ್ನು ನುಂಗಿಕೊಂಡು ತಾವು ಒಪ್ಪಿಕೊಂಡ ಕಾರ್ಯದಲ್ಲಿಯೇ ನಿಂತರು. ಕಾಲಕ್ರಮದಲ್ಲಿ ಅಟಲ್, ಚೋಳ್ಕರ್ ಮತ್ತು ಮುಖರ್ಜಿಯವರು ಸ್ವದೇಶಕ್ಕೆ ಹಿಂದಿರುಗಿದರು. ಕೋಟ್ನೀಸರೂ ಬಸು ಅವರೂ ಉಳಿದುಕೊಂಡರು.

ಮುಂದೆ ಕೋಟ್ನೀಸರು ಉತ್ತರ ಚೀನದ ಯುದ್ಧರಂಗಕ್ಕೆ ತೆರಳಿದರು. ಅದು ಗುಡ್ಡಗಾಡಿನ ಪ್ರದೇಶ. ರೈತರ ಮನೆಗಳೇ ಅಲ್ಲಿ ಆಸ್ಪತ್ರೆಗಳು. ಔಷಧಿಗೆ ಸದಾ ಅಭಾವ. ಶತ್ರುಗಳು ಸಮೀಪಿಸಿದರೆ ರೋಗಿಗಳೊಡನೆ ಬೇರೆಡೆಗೆ ಸಾಗಬೇಕು. 1940ರ ಘೋರ ಕದನವೊಂದರಲ್ಲಿ ಕೆಲವೇ ದಿನಗಳೊಳಗೆ 800ಕ್ಕೂ ಮಿಕ್ಕಿದ ಗಾಯಾಳುಗಳನ್ನು ಅವರ ತಂಡ ಉಪಚರಿಸಿತು. ಒಮ್ಮೆ ಅವರು 72 ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಹೇಳುತ್ತಾರೆ.

ಅದೇ ಪ್ರದೇಶದಲ್ಲಿ ದುಡಿದ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನರು, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಬೆರಳಿಗಾದ ಗಾಯವು ನಂಜೇರಿ 1939ರಲ್ಲಿ ಮಡಿದಿದ್ದರು. ಅವರ ಸ್ಮರಣಾರ್ಥ ಹೆಸರಿಸಿದ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಕೋಟ್ನೀಸರು 1941ರಲ್ಲಿ ನಿರ್ದೇಶಕರಾದರು. ಒಬ್ಬ ವೈದ್ಯನ ಎರಡು ಕೈಗಳು ಅಷ್ಟು ಜನರಿಗೆ ಸಾಲವೆಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದ ಚೀನೀ ಭಾಷೆಯನ್ನು ಕಲಿತು, ಆ ಭಾಷೆಯಲ್ಲಿಯೇ ಅಲ್ಲಿನ ತರುಣ ತರುಣಿಯರಿಗೆ ವೈದ್ಯವಿದ್ಯೆಯನ್ನು ಬೋಧಿಸಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವನ್ನು ಬರೆಯಲು ತೊಡಗಿದರು. ಅಲ್ಲಿಯೇ ಶುಶ್ರೂಷೆಯನ್ನು ಕಲಿಸುತ್ತಿದ್ದ ಗುವೋ ಚಿಂಗ್‌ಲಾನ್ ಎಂಬಾಕೆಯನ್ನು 1941ರಲ್ಲಿ ವಿವಾಹವಾದರು. ಮರುವರ್ಷ ಹುಟ್ಟಿದ ಮಗನಿಗೆ ‘ಇನ್‌ಹುವಾ’ ಎಂದು ಹೆಸರಿಟ್ಟರು. ‘ಇನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನ.

ಅಷ್ಟರಲ್ಲಿ ಅತಿಶ್ರಮದಿಂದ ಅವರ ದೇಹ ಕುಗ್ಗಿತ್ತು. ಮೂರ್ಛೆರೋಗ ಮತ್ತೆ ಮತ್ತೆ ಕಾಡುತ್ತಿತ್ತು. ಸಹೋದ್ಯೋಗಿಗಳು ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯುವಂತೆ ಒತ್ತಾಯಪಡಿಸಿದರು. ಇತರರಿಗೆ ವಿಶ್ರಾಂತಿಯನ್ನು ವಿಧಿಸುತ್ತಿದ್ದ ವೈದ್ಯರು ತಮಗೆ ಮಾತ್ರ ಅದನ್ನು ವಿಧಿಸಿಕೊಳ್ಳಲಿಲ್ಲ. 1942ನೆಯ ಡಿಸೆಂಬರ್ 9ರಂದು ಆ ರೋಗವೇ ಅವರನ್ನು ಬಲಿತೆಗೆದುಕೊಂಡಿತು. ಆಗ ಅವರಿಗೆ 32 ವರ್ಷ. ಮಗನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಮುಂದೆ ಅವರ ಸಮಾಧಿಯನ್ನು ಷಿಜಿಯಾಚುವಾಂಗ್ ನಗರದ ಹುತಾತ್ಮರ ಸ್ಮಾರಕಕ್ಕೆ ಸಾಗಿಸಲಾಯಿತು. ಬೆಥ್ಯೂನರ ಸಮಾಧಿಯೂ ಅಲ್ಲಿಯೇ ಇದೆ. ಖ್ವಾಜಾ ಅಹ್ಮದ್ ಅಬ್ಬಾಸರು ಕೋಟ್ನೀಸರ ಕಥೆಯನ್ನು ಪುಸ್ತಕವಾಗಿ ಬರೆದರು, ವಿ. ಶಾಂತಾರಾಮರು ಅದನ್ನು ಆಧರಿಸಿ 1946ರಲ್ಲಿ ಚಲನಚಿತ್ರವನ್ನು ತೆಗೆದರು. ಭಾರತಕ್ಕೆ ಬಂದ ಚೀನೀ ನಾಯಕರು ಅವರ ಮನೆಯವರನ್ನು ಕಂಡು ಗೌರವ ಸಲ್ಲಿಸುವ ವಾಡಿಕೆಯೂ ಬೆಳೆಯಿತು. 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವೇ ನಡೆದರೂ ಕೋಟ್ನೀಸರ ನೆನಪು ಅಳಿಯಲಿಲ್ಲ.

ಕೋಟ್ನೀಸರು ಹೋದದ್ದು ಸುಮಾರು ಒಂದು ವರ್ಷದ ಸೇವೆಗಾಗಿ. ಅವರು ಸಲ್ಲಿಸಿದ್ದು ಉಳಿದ ಆಯುಷ್ಯವನ್ನೆಲ್ಲ. ಹೊರಡುವ ಉತ್ಸಾಹ ಹಲವರಿಗೆ ಉಂಟು. ಮರಳಲು ಸಕಾರಣವಿದ್ದಾಗಲೂ, ನರಳುವವರನ್ನು ಬಿಟ್ಟುಬಾರದೆ ನಿಲ್ಲುವ ದೃಢತೆ ಕೆಲವರಿಗೆ ಮಾತ್ರ. ಕೋಟ್ನೀಸರು ಅಂತಹ ಕೆಲವರಲ್ಲಿ ಒಬ್ಬರು.