ಹೊಟ್ಟೆಯ ಕಡೆ ಇನ್ನೊಂದು ಬೆನ್ನು: ಹಿಲ್ಡೆ ಮ್ಯಾಂಗೋಲ್ಡ್

ಒಮಾನಿನ ಹಜರ್ ಬೆಟ್ಟಗಳ ವಾದಿಗಳಿಗೆ ಸುತ್ತಾಡೋಕೆ ಹೋದವರು ನೀರು ನಿಂತ ಹೊಂಡಗಳಲ್ಲಿ ಗೊದಮೊಟ್ಟೆಗಳನ್ನು ನೋಡಿರ್ತೀರಿ. ದುಂಡಗಿನ ಒಂದು ಮೊಟ್ಟೆಯಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಅಂತ ಹೇಳೋರು ಯಾರು? ಈ ಪ್ರಶ್ನೆಗೆ ಗಟ್ಟಿ ಉತ್ತರದ ಮೊದಲ ತುದಿ ಸಿಕ್ಕಿದ್ದು ಹಿಲ್ಡೆ ಮ್ಯಾಂಗೋಲ್ಡ್ ಎಂಬ ವಿದ್ಯಾರ್ಥಿನಿಯ ಕೈಗೆ.

ಹಿಲ್ಡೆ ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಗೋಥಾ ಊರಲ್ಲಿ. ಫ್ರಾಂಕ್‌ಫರ್ಟ್‌ನಲ್ಲಿ ಓದುವಾಗ ಹಾನ್ಸ್ ಸ್ಪೇಮನ್ ಅವರ ಉಪನ್ಯಾಸ ಕೇಳಿ, 1920ರಲ್ಲಿ ಫ್ರೈಬರ್ಗ್‌ಗೆ ಹೋಗಿ ಅವರ ಬಳಿಯೇ ಸೇರಿದಳು. ಗೈಡ್ ಮೊದಲು ಕೊಟ್ಟ ಕೆಲಸ, ಹೈಡ್ರಾ ಎಂಬ ಪುಟ್ಟ ಜೀವಿಯನ್ನು ಕಾಲುಚೀಲದ ಹಾಗೆ ಒಳಗಿನದನ್ನು ಹೊರಗೆ ತಿರುಗಿಸುವುದು. ಎಷ್ಟು ಪ್ರಯತ್ನಿಸಿದರೂ ಆಗಲೇ ಇಲ್ಲ. (ಥೀಸಿಸ್ ಬರೆಯುತ್ತಿರುವ ಮಿತ್ರರೇ, ಸಮಾಧಾನ ಮಾಡ್ಕೊಳ್ಳಿ.)

ಆಮೇಲೆ ಸಿಕ್ಕಿದ್ದು ನ್ಯೂಟ್, ಅಂದರೆ ಕಪ್ಪೆಯ ಬಾಲವಿರುವ ನೆಂಟ. ಅದರ ಮೊಟ್ಟೆ ಸಾಸಿವೆ ಕಾಳಿನಷ್ಟು. ಆಯುಧ ಅಂದ್ರೆ ಗಾಜಿನ ಸೂಜಿ, ಕೂದಲಿನ ಕುಣಿಕೆ. ಬೆಳೆಯುವ ಭ್ರೂಣದಲ್ಲಿ ಜೀವಕೋಶಗಳು ಒಳಕ್ಕೆ ಜಾರಲು ಶುರುಮಾಡುವ ಒಂದು ಸೀಳು ಇರುತ್ತೆ. ಬಣ್ಣವಿಲ್ಲದ ಒಂದು ಜಾತಿಯ ಭ್ರೂಣದಿಂದ ಆ ಸೀಳಿನ ಮೇಲ್ತುಟಿಯ ಚೂರು ತೆಗೆದು, ಕಂದು ಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಬೇಕು. ಆಂಟಿಬಯೋಟಿಕ್ ಇಲ್ಲದ ಕಾಲ. ಬಹುಪಾಲು ಭ್ರೂಣಗಳು ಸೋಂಕಿಗೆ ಸತ್ತವು. 1921, 1922ರ ಎರಡು ವಸಂತ ದುಡಿದ ಮೇಲೂ ಪ್ರಬಂಧದಲ್ಲಿ ವಿವರಿಸಲು ಸಿಕ್ಕಿದ್ದು ಆರೇ ಆರು.

ಆದರೆ ಬದುಕಿದವುಗಳ ಹೊಟ್ಟೆಯ ಕಡೆ ಇನ್ನೊಂದು ಬೆನ್ನು ಎದ್ದಿತ್ತು! ಬೆನ್ನುಹುರಿ, ಸ್ನಾಯುಗಳ ಸಾಲು ಎಲ್ಲ ಇತ್ತು. ಆ ಎರಡನೇ ಮರಿಯ ಹೆಚ್ಚಿನ ಕೋಶಗಳು ಕಂದು, ಅಂದರೆ ಮನೆಯವು, ಬಂದ ನೆಂಟನವಲ್ಲ. ಕಸಿಯ ಚೂರು ತಾನೊಂದೇ ಮರಿಯಾಗಲಿಲ್ಲ, ಅಕ್ಕಪಕ್ಕದವರನ್ನೂ ಕೆಲಸಕ್ಕೆ ಹಚ್ಚಿತು. ಸ್ಪೇಮನ್ ಅದಕ್ಕೆ ಸಂಘಟಕ ಅಂತ ಹೆಸರಿಟ್ಟರು.

1923ರಲ್ಲಿ ಹಿಲ್ಡೆಗೆ ಡಾಕ್ಟರೇಟ್ ಸಿಕ್ತು. ಆಗ ಆಕೆಗೆ 24, ಈಗ ನನಗೆಷ್ಟೋ ಅಷ್ಟೇ. ಪ್ರಬಂಧದಲ್ಲಿ ಮಾತ್ರ ಗೈಡ್ ಹೆಸರು ಮೊದಲು, ಆಕೆಯದು ಆಮೇಲೆ. ಆಕೆಗೆ ಇದು ಹಿಡಿಸಿರಲಿಲ್ಲ ಅಂತ ಸಹಪಾಠಿ ವಿಕ್ಟರ್ ಹ್ಯಾಂಬರ್ಗರ್ ನೆನಪಿಸಿಕೊಂಡಿದ್ದಾರೆ. ಯೋಚನೆ ಸ್ಪೇಮನ್ ಅವರದು, ನಿಜ. ಆದರೂ ಸೂಜಿ ಹಿಡಿದ ಕೈ ಯಾರದು?

ಸ್ಪೇಮನ್ ಅವರ ಸಹಾಯಕ ಒಟ್ಟೊ ಮ್ಯಾಂಗೋಲ್ಡ್ ಜೊತೆ ಮದುವೆಯಾಗಿತ್ತು, ಒಬ್ಬ ಮಗನೂ ಹುಟ್ಟಿದ್ದ. ಪ್ರಬಂಧ ಪ್ರಕಟವಾದ 1924ರಲ್ಲೇ, ಸೆಪ್ಟೆಂಬರ್‌ನಲ್ಲಿ, ಅಡುಗೆಮನೆಯಲ್ಲಿ ಬೆಂಕಿ ಅನಾಹುತವಾಗಿ ಹಿಲ್ಡೆ ತೀರಿಕೊಂಡಳು. ಇನ್ನೂ 26 ತುಂಬಿರಲಿಲ್ಲ. ಸ್ಪೇಮನ್ ಅವರಿಗೆ 1935ರಲ್ಲಿ ನೊಬೆಲ್ ಬಂತು.

ಆ ತುಟಿಯೊಳಗೆ ಇರೋದೇನು ಅಂತ ಗೊತ್ತಾಗೋಕೆ 1990ರ ದಶಕ ಬರಬೇಕಾಯ್ತು. ಆಫ್ರಿಕಾದ ಜೆನೋಪಸ್ ಕಪ್ಪೆಯಲ್ಲಿ 1992ರಲ್ಲಿ ನಾಗಿನ್ (ಹಾವಿಗೂ ಇದಕ್ಕೂ ಸಂಬಂಧವಿಲ್ಲ), 1994ರಲ್ಲಿ ಕಾರ್ಡಿನ್ ಎಂಬ ಜೀನ್‌ಗಳು ಸಿಕ್ಕವು. ಎಂಜಿನಿಯರಿಂಗ್ ಓದಿದ ನಾನು ಸಿಗ್ನಲ್ ಅಂದ್ರೆ ಏನನ್ನೋ ಕಳಿಸೋದು ಅಂದ್ಕೊಂಡಿದ್ದೆ. ಇಲ್ಲಿ ತಡೆಯೋದೇ ಕೆಲಸ. ಚರ್ಮವಾಗು, ಹೊಟ್ಟೆಯಾಗು ಅನ್ನುವ ಬಿಎಂಪಿ ಪ್ರೋಟೀನನ್ನು ಇವು ದಾರಿಯಲ್ಲೇ ಹಿಡಿದುಬಿಡುತ್ತವೆ; ಆ ಮಾತು ಕೇಳಿಸದ ಹೊರಪದರದ ಕೋಶಗಳು ಮಿದುಳಾಗುತ್ತವೆ, ನರವಾಗುತ್ತವೆ.