ಕಲ್ಲು ಓದಿದ ಮನುಷ್ಯ: ರಾಬರ್ಟ್ ಬ್ರೂಸ್ ಫೂಟ್

ಕಳೆದ ಸೆಮಿಸ್ಟರ್ ರಜೆಯಲ್ಲಿ ಮಾನ್ವಿಗೆ ಹೋದಾಗ ಅಣ್ಣ ಕೆಎಎಸ್ ಪ್ರಿಲಿಮ್ಸ್‌ಗೆ ಓದ್ತಾ ಕೂತಿದ್ದ. ನನ್ನ ಕೈಗೆ ಜಿಕೆ ಪುಸ್ತಕ ಕೊಟ್ಟು ಪ್ರಶ್ನೆ ಕೇಳು ಅಂದ. ದಕ್ಷಿಣ ಭಾರತದ ಚಿನ್ನ ಹೆಚ್ಚಾಗಿ ಯಾವ ಶಿಲಾವರ್ಗದಲ್ಲಿ ಸಿಗುತ್ತದೆ ಅಂತ ಕೇಳಿದೆ. ಧಾರವಾಡ ಅಂದ. ಭಾರತದ ಪ್ರಾಗಿತಿಹಾಸದ ಪಿತಾಮಹ ಯಾರು ಅಂದೆ. ರಾಬರ್ಟ್ ಬ್ರೂಸ್ ಫೂಟ್ ಅಂದ. ಎರಡೂ ಸರಿ. ಮೊದಲನೆಯದು ಭೂಗೋಳದ ಪಾಠದಲ್ಲಿತ್ತು, ಎರಡನೆಯದು ಇತಿಹಾಸದ ಪಾಠದಲ್ಲಿತ್ತು. ಆದ್ರೆ ಈ ಎರಡೂ ಉತ್ತರದ ಹಿಂದೆ ಇರೋದು ಒಬ್ಬರೇ ಅಂತ ಅಣ್ಣನಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಅವರ ಕೆಲಸದ ಒಂದು ಭಾಗ ನಮ್ಮ ರಾಯಚೂರಿನ ಕಲ್ಲುಗಳ ಮೇಲೇ ನಡೆದಿದೆ ಅನ್ನೋದಂತೂ ಯಾವ ಪುಟದಲ್ಲೂ ಇರಲಿಲ್ಲ. ಅದಕ್ಕೇ ಈ ಲೇಖನ.

ಚೆಲ್ಟನ್‌ಹ್ಯಾಮ್‌ನಿಂದ ಮದ್ರಾಸಿಗೆ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಕೊನೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದ್ರೆ ಜಿಎಸ್‌ಐ ಸೇರಿದರು. ಆಗ ಅವರಿಗೆ 24 ವರ್ಷ, ನಮ್ಮ ಫೈನಲ್ ಇಯರ್ ಸೀನಿಯರ್‌ಗಳಿಗಿಂತ ಸ್ವಲ್ಪ ದೊಡ್ಡವರು ಅಷ್ಟೇ. ಕಲ್ಲಿದ್ದಲು ಮತ್ತು ಖನಿಜ ಹುಡುಕೋಕೆ ಅಂತ 1851ರಲ್ಲಿ ಶುರುವಾಗಿದ್ದ ಈ ಸಂಸ್ಥೆ ಫೂಟ್ ಅವರನ್ನ ಮದ್ರಾಸ್ ಕಡೆಗೆ ಕಳಿಸಿತು.

ಆಗ ಸರ್ವೇ ಅಂದ್ರೆ ನಮ್ಮ ಹಾಗೆ ಜಿಪಿಎಸ್ ಹಿಡ್ಕೊಂಡು ಹೋಗೋದಲ್ಲ. ನಡೆದುಕೊಂಡೋ ಕುದುರೆ ಮೇಲೋ ಹೋಗಬೇಕು, ಡೇರೆಯಲ್ಲಿ ಮಲಗಬೇಕು. ಸುತ್ತಿಗೆಯಿಂದ ಕಲ್ಲು ಒಡೆದು ನೋಡಿ, ಪದರ ಯಾವ ಕಡೆ ವಾಲಿದೆ ಅಂತ ಬರೆದುಕೊಂಡು ನಕ್ಷೆ ತುಂಬಬೇಕು. ಹೀಗೆ 33 ವರ್ಷ ಕೆಲಸ ಮಾಡಿದರು.

ಪಲ್ಲಾವರಂನ ಕಲ್ಲು

1859ರಲ್ಲಿ ಯುರೋಪಿನಲ್ಲಿ ಒಂದು ದೊಡ್ಡ ವಾದ ಮುಗಿದಿತ್ತು. ಮನುಷ್ಯ ಭೂಮಿ ಮೇಲೆ ಕೆಲವೇ ಸಾವಿರ ವರ್ಷದಿಂದ ಇದ್ದಾನೆ ಅಂತ ಬಹಳ ಜನ ನಂಬಿದ್ದರು. ಫ್ರಾನ್ಸಿನಲ್ಲಿ ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆ ಮನುಷ್ಯ ಮಾಡಿದ ಕಲ್ಲಿನ ಆಯುಧ ಸಿಕ್ಕಿದ್ದನ್ನ ವಿಜ್ಞಾನಿಗಳು ಆ ವರ್ಷ ಒಪ್ಪಿಕೊಂಡರು. ಈ ಸುದ್ದಿ ಓದಿದ ಫೂಟ್, ಅಂಥ ಕಲ್ಲು ಭಾರತದಲ್ಲೂ ಯಾಕಿರಬಾರದು ಅಂತ ಕಣ್ಣಿಟ್ಟು ನೋಡತೊಡಗಿದರು.

1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಒಂದು ಜಲ್ಲಿ ಗುಂಡಿಯಲ್ಲಿ ಅವರಿಗೆ ಕೆತ್ತಿದ ಕಲ್ಲೊಂದು ಸಿಕ್ಕಿತು. ತಾನಾಗೇ ಒಡೆದ ಕಲ್ಲಿಗೂ ಮನುಷ್ಯ ಬೇಕಂತಲೇ ಚಕ್ಕೆ ಎಬ್ಬಿಸಿದ ಕಲ್ಲಿಗೂ ವ್ಯತ್ಯಾಸ ಇರುತ್ತೆ. ಅದನ್ನ ಅವರು ಗುರುತು ಹಿಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನೂ ಹೆಚ್ಚು ಕಲ್ಲಾಯುಧ ಸಿಕ್ಕವು. ಭಾರತದಲ್ಲಿ ಹಳೆ ಶಿಲಾಯುಗ ಇತ್ತು ಅನ್ನೋದಕ್ಕೆ ಮೊದಲ ಗಟ್ಟಿ ಸಾಕ್ಷಿ ಇವೇ. ಆ ಕಲ್ಲುಗಳ ವಯಸ್ಸು ಎಷ್ಟು ಅಂತ ಅಳೆಯೋಕೆ ಫೂಟ್ ಕಾಲದಲ್ಲಿ ದಾರಿ ಇರಲಿಲ್ಲ. 2011ರಲ್ಲಿ ಶಾಂತಿ ಪಪ್ಪು ಅವರ ತಂಡ ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವು ಅಂತ ಪ್ರಕಟಿಸಿತು.

ನಮ್ಮ ಕಡೆಗೆ

ಆಮೇಲೆ ಫೂಟ್ ಬೆಳಗಾವಿ, ಧಾರವಾಡ, ಬಳ್ಳಾರಿ, ರಾಯಚೂರು ಸೀಮೆಯಲ್ಲೆಲ್ಲ ಓಡಾಡಿದರು. ಗೋಕಾಕ ಹತ್ತಿರ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತು. ಈಗ ಘೇಂಡಾಮೃಗ ನೋಡಬೇಕಂದ್ರೆ ಅಸ್ಸಾಂಗೆ ಹೋಗಬೇಕು. ಅಂಥ ಪ್ರಾಣಿ ಒಂದು ಕಾಲದಲ್ಲಿ ಘಟಪ್ರಭಾ ಸೀಮೆಯಲ್ಲಿ ಮೇಯ್ತಾ ಇತ್ತು ಅಂದ್ರೆ ಇಲ್ಲಿನ ನೀರು, ಹುಲ್ಲು, ಹವಾಮಾನ ಎಲ್ಲ ಬೇರೆಯೇ ಇದ್ದಿರಬೇಕು ಅಲ್ವಾ?

ಎಂಜಿನಿಯರಿಂಗ್ ಓದೋರು ಮುಖ್ಯವಾಗಿ ತಿಳ್ಕೋಬೇಕಾದ್ದು ಅವರ ಧಾರವಾಡ ಶಿಲೆಗಳ ಕೆಲಸ. ಮಾನ್ವಿ, ದೇವದುರ್ಗ ಕಡೆ ಕಾಣೋ ಗುಂಡುಗಲ್ಲಿನ ಗುಡ್ಡಗಳು ಗ್ರಾನೈಟ್ ಮತ್ತು ನೈಸ್ ಜಾತಿಯವು. ಇವುಗಳ ನಡುವೆ ಉದ್ದಕ್ಕೆ ಪಟ್ಟಿ ಹಾಕಿದ ಹಾಗೆ ಕಪ್ಪು ಹಸಿರು ಬಣ್ಣದ ಪದರಗಲ್ಲು ಹಾದುಹೋಗುತ್ತೆ. ಇದೇ ಶಿಸ್ಟ್. ಬೇರೆ ಬೇರೆ ಊರಲ್ಲಿ ಕಾಣೋ ಈ ಪಟ್ಟಿಗಳೆಲ್ಲ ಒಂದೇ ಕುಟುಂಬದವು ಅಂತ 1880ರ ದಶಕದಲ್ಲಿ ಫೂಟ್ ಹೇಳಿದರು. ಆ ಕುಟುಂಬಕ್ಕೆ ಧಾರವಾಡ ಅಂತ ಹೆಸರಿಟ್ಟರು. ಚಿನ್ನ ಇರೋದು ಹೆಚ್ಚಾಗಿ ಈ ಪಟ್ಟಿಗಳ ಒಳಗೇ ಅಂತಲೂ ತೋರಿಸಿದರು.

ಇದರ ಲಾಭ ಏನಂದ್ರೆ, ಚಿನ್ನ ಹುಡುಕೋರು ಇಡೀ ಸೀಮೆ ಅಗೆಯೋದು ತಪ್ಪಿತು. ಎಲ್ಲಿ ನೋಡಬೇಕು ಅಂತ ಗೊತ್ತಾಯಿತು. 250 ಕೋಟಿ ವರ್ಷಕ್ಕೂ ಹಿಂದಿನ ಈ ಶಿಲೆಗಳ ಬಿರುಕಿನಲ್ಲಿ ಬಿಸಿ ದ್ರವ ನುಗ್ಗಿ, ಬಿಳಿ ಬೆಣಚುಕಲ್ಲಿನ ಜೊತೆ ಚಿನ್ನ ಉಳಿದಿದೆ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಇರೋದು ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿಯಲ್ಲಿ. ದೇವದುರ್ಗ ತಾಲ್ಲೂಕಿನ ಊಟಿಯಲ್ಲೂ ಚಿನ್ನದ ಗಣಿ ಇದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೂ ಹಟ್ಟಿ ನಡೀತಾ ಇದೆ.

ಆದ್ರೆ ಫೂಟ್ ಹೇಳಿದ್ದೆಲ್ಲ ನಿಂತಿಲ್ಲ. ಧಾರವಾಡ ಶಿಲೆಗಳು ಗ್ರಾನೈಟ್ ಮತ್ತು ನೈಸ್‌ಗಿಂತ ಆಮೇಲಿನವು ಅಂತ ಅವರು ತಿಳಿದಿದ್ದರು. ಎಷ್ಟೋ ಕಡೆ ಗ್ರಾನೈಟೇ ಆಮೇಲೆ ಒಳಗೆ ನುಗ್ಗಿದೆ ಅಂತ ನಂತರದವರು ತೋರಿಸಿದರು. ಹಳೆ ಮತ್ತು ಹೊಸ ಶಿಲಾಯುಗದ ನಡುವೆ ಮನುಷ್ಯರೇ ಇಲ್ಲದ ದೊಡ್ಡ ಖಾಲಿ ಕಾಲ ಇತ್ತು ಅನ್ನೋ ಅವರ ಮಾತೂ ಉಳಿಯಲಿಲ್ಲ.

ಬೂದಿ ಗುಡ್ಡದ ಲೆಕ್ಕ

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ದೊಡ್ಡ ಬೂದಿ ದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನ ಸುಟ್ಟ ಬೂದಿ ಅಂತ ಜನ ಹೇಳ್ತಾರೆ. ಕೆಲವರು ಜ್ವಾಲಾಮುಖಿ ಅಂದುಕೊಂಡಿದ್ದರು. ಫೂಟ್ ಮಾತ್ರ ಇವು ದನ ಸಾಕಿದ ಹೊಸ ಶಿಲಾಯುಗದ ಜನರ ಸೆಗಣಿ ಬೂದಿ ಅಂತ ಊಹಿಸಿದರು. 1957ರಲ್ಲಿ ಕೃಷ್ಣಾ ನದಿಯಾಚೆ ಊಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಅಗೆದು ನೋಡಿದಾಗ ಬೂದಿ ಪದರಗಳಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತು. ಫೂಟ್ ಊಹೆ ಸರಿಯಾಗಿತ್ತು. ನಮ್ಮ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲೂ ಆಲ್ಚಿನ್ ಅಗೆದಿದ್ದಾರೆ.

ಮಸ್ಕಿಯ ಹಳೆ ನೆಲೆಯನ್ನೂ ಫೂಟ್ ಮೊದಲೇ ನೋಡಿ ದಾಖಲಿಸಿದ್ದರು. 1915ರಲ್ಲಿ ಅದೇ ಮಸ್ಕಿಯಲ್ಲಿ ಅಶೋಕನ ಶಾಸನ ಪತ್ತೆಯಾಯಿತು. ಅದನ್ನ ಕಂಡವರು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ಆದ್ರೆ ಅದನ್ನ ನೋಡೋಕೆ ಫೂಟ್ ಇರಲಿಲ್ಲ.

ಕೊನೆಯ ವರ್ಷಗಳು

1891ರಲ್ಲಿ ನಿವೃತ್ತಿಯಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಬರೋಡ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಹೊಣೆ ಹೊತ್ತರು. ತಮಿಳುನಾಡಿನ ಯರ್ಕಾಡಿನಲ್ಲಿ ಮನೆ ಮಾಡಿಕೊಂಡರು. 400ಕ್ಕೂ ಹೆಚ್ಚು ನೆಲೆಗಳಿಂದ ಕೂಡಿಸಿದ ಕಲ್ಲು, ಮಡಕೆಚೂರುಗಳನ್ನ 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಕೊಟ್ಟರು. ಯಾವ ಕಲ್ಲು ಯಾವ ಊರಿನ ಯಾವ ಜಾಗದ್ದು ಅಂತ ಒಂದೊಂದಕ್ಕೂ ಪಟ್ಟಿ ಬರೆಯೋ ಕೆಲಸದಲ್ಲೇ ಕೊನೆಯ ವರ್ಷಗಳು ಕಳೆದವು. 1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ತೀರಿಕೊಂಡರು. ಪಟ್ಟಿ ಅಚ್ಚಾಗಿ ಬಂದಿದ್ದು ಆಮೇಲೆ, 1914 ಮತ್ತು 1916ರಲ್ಲಿ.

ಆ ಪಟ್ಟಿ ಯಾಕೆ ಅಷ್ಟು ಮುಖ್ಯ ಅಂತ ನನಗೆ ಮೊದಲು ಅರ್ಥ ಆಗ್ಲಿಲ್ಲ. ಈಗ ನಮ್ಮ ಕಡೆ ಗುಡ್ಡಗಳು ಕ್ವಾರಿಗೆ ಹೋಗ್ತಿವೆ. ಬೂದಿ ದಿಬ್ಬದ ಮಣ್ಣು ಗೊಬ್ಬರ ಅಂತ ಹೊಲಕ್ಕೆ ಹೋಗಿದೆ. ಜಾಗ ಒಮ್ಮೆ ಹೋದ್ರೆ ಉಳಿಯೋದು ಯಾರೋ ಬರೆದಿಟ್ಟ ಸಾಲು ಮಾತ್ರ. ನಾಳೆ ರಸ್ತೆ, ಕಾಲುವೆ, ಗಣಿ ಕೆಲಸಕ್ಕೆ ಸೈಟ್‌ನಲ್ಲಿ ಮೊದಲು ನಿಲ್ಲೋರು ನಾವೇ. ಜೆಸಿಬಿ ಇಳಿಸೋ ಮೊದಲು ಕಾಲ ಕೆಳಗೆ ಏನಿದೆ ಅಂತ ಒಂದು ಸಲ ಬಗ್ಗಿ ನೋಡೋಣ.

ಪರೀಕ್ಷೆಗೆ ಓದೋರು ನೆನಪಿಡಿ

- 1863, ಪಲ್ಲಾವರಂ: ಭಾರತದಲ್ಲಿ ಗುರುತಿಸಿದ ಮೊದಲ ಹಳೆ ಶಿಲಾಯುಗದ ಆಯುಧ.
- ಧಾರವಾಡ ಶಿಲೆಗಳು: ಚಿನ್ನ, ಕಬ್ಬಿಣ, ಮ್ಯಾಂಗನೀಸ್. ಹಟ್ಟಿ, ಕೋಲಾರ, ಸಂಡೂರು ಇದರಲ್ಲೇ ಬರುತ್ತವೆ.
- ಬೂದಿ ದಿಬ್ಬ: ಹೊಸ ಶಿಲಾಯುಗ, ದನಗಾಹಿ ಬದುಕು.
- ಮಸ್ಕಿ ಶಾಸನ, 1915: ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕ ಮೊದಲ ಶಾಸನ.